ಇಂದಿನ ಧಮ್ಮ ಚಿಂತನೆ: ಮೊದಲ ಕೆಲಸ, ನಾಲ್ಕನೇ ಶೀಲ

 

ನಮ್ಮ ಬಳಗದ ಹುಡುಗನೊಬ್ಬ ಈ ವಾರ ನನಗೊಬ್ಬನಿಗೇ ಮೆಸೇಜ್ ಹಾಕಿದ್ದ. ಅವನ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಇಲ್ಲಿ ಹೇಳುತ್ತಿದ್ದೇನೆ. ಕಂಪ್ಯೂಟರ್ ಸೈನ್ಸ್ ಬಿ.ಇ. ಮುಗಿದು ಒಂಬತ್ತು ತಿಂಗಳಾಗಿದೆ. ಬೆಂಗಳೂರಿನ ಪಿ.ಜಿ.ಯಲ್ಲಿದ್ದಾನೆ. ಫ್ರೆಶರ್‌ಗಳಿಗೆ ಎಂದು ಕರೆದ ಕೆಲಸಕ್ಕೂ ಎರಡು ವರ್ಷದ ಅನುಭವ ಕೇಳುತ್ತಿದ್ದಾರಂತೆ. ಈಗ ಯಾವುದೋ ಕನ್ಸಲ್ಟೆನ್ಸಿಯವರು ದುಡ್ಡು ಕೊಟ್ಟರೆ ಅನುಭವದ ಪತ್ರ, ಸಂಬಳದ ಚೀಟಿ ಎಲ್ಲ ಮಾಡಿಕೊಡುತ್ತೇವೆ ಎಂದಿದ್ದಾರೆ. "ಅಣ್ಣ, ರೂಮಲ್ಲಿ ಇಬ್ಬರು ಹೀಗೇ ಸೇರಿಕೊಂಡಿದ್ದಾರೆ. ಇದು ಮುಸಾವಾದ ಆಗುತ್ತಾ?"

ಆಗುತ್ತೆ ತಮ್ಮ. ದಿನಾ ವಂದನೆಯಲ್ಲಿ ಹೇಳುವ ಪಂಚಶೀಲದಲ್ಲಿ ನಾಲ್ಕನೆಯದೇ ಅದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲೂ ಸುಳ್ಳು ಹೇಳುವುದಿಲ್ಲ ಎಂಬುದಿದೆ. ಲೋಕದ ಲೆಕ್ಕದಲ್ಲೂ ಇದು ನಷ್ಟದ ವ್ಯಾಪಾರವೇ. ಕಂಪನಿಯವರು ಪಿ.ಎಫ್.ನ ಯು.ಎ.ಎನ್. ತೆಗೆದು ನೋಡುತ್ತಾರೆ. ಎರಡು ವರ್ಷ ಸಂಬಳ ತಗೊಂಡೆ ಎನ್ನುವವನ ಖಾತೆಯಲ್ಲಿ ಒಂದು ತಿಂಗಳ ಪಿ.ಎಫ್. ಕೂಡ ಇಲ್ಲ ಎಂದರೆ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ಸೇರಿ ವರ್ಷವಾದ ಮೇಲೂ ತೆಗೆದುಹಾಕುತ್ತಾರೆ.

ಇಷ್ಟು ಹೇಳಿ ನಾನು ಸುಮ್ಮನಾಗಬಹುದಿತ್ತು. ಆದರೆ ತಿಂಗಳ ಕೊನೆಗೆ ಸಂಬಳ ಬೀಳುವ ನನ್ನಂಥವನಿಗೆ ಶೀಲ ಹೇಳುವುದು ಸುಲಭ. ಅವನ ತಾಯಿ ಸಂಘದಲ್ಲಿ ಸಾಲ ಎತ್ತಿದ್ದಾರೆ, ಪಿ.ಜಿ. ಬಾಡಿಗೆ ಬಾಕಿಯಿದೆ. ಸುಳ್ಳು ಹೇಳಬೇಡ ಎಂದ ಬಾಯಿ ಬೇರೆ ದಾರಿಯನ್ನೂ ತೋರಿಸದಿದ್ದರೆ ಅದು ಧಮ್ಮವಲ್ಲ, ಬರೀ ಉಪದೇಶ.

ಅಂಗುತ್ತರ ನಿಕಾಯದಲ್ಲಿ ದೀಘಜಾಣು ಎಂಬ ಕೋಲಿಯ ಗೃಹಸ್ಥನ ಸುತ್ತವಿದೆ. ನಾವು ಹೆಂಡತಿ ಮಕ್ಕಳೊಂದಿಗೆ ಸಂಸಾರ ಮಾಡುವವರು, ನಮಗೆ ಈ ಬದುಕಿನಲ್ಲೇ ಸುಖ ತರುವಂಥದ್ದನ್ನು ಹೇಳಿ ಎಂದು ಅವನು ಕೇಳುತ್ತಾನೆ. ಭಗವಾನರು ನಾಲ್ಕು ಹೇಳುತ್ತಾರೆ. ಮಾಡುವ ಕಸುಬಿನಲ್ಲಿ ಪಳಗುವುದು, ಗಳಿಸಿದ್ದನ್ನು ಕಾಪಾಡುವುದು, ಕಲ್ಯಾಣಮಿತ್ರರ ಜೊತೆ, ಆದಾಯಕ್ಕೆ ತಕ್ಕ ಬದುಕು. ಈ ಮೂರನೆಯದನ್ನು ನಾವು ಸತ್ಸಂಗ ಎಂಬಂತೆ ಮೆತ್ತಗೆ ಓದಿ ಮುಂದೆ ಹೋಗುತ್ತೇವೆ. ಕೆಲಸ ಹುಡುಕುವವನಿಗೆ ಅದೇ ಅನ್ನ. ಖಾಸಗಿ ಕಂಪನಿಗಳಲ್ಲಿ ಮೀಸಲಾತಿ ಇಲ್ಲ, ಇರುವುದು ರೆಫರಲ್. ಒಳಗಿರುವವನು ತನಗೆ ಗೊತ್ತಿರುವವನ ಹೆಸರು ಕೊಡುತ್ತಾನೆ. ಅವನಿಗೆ ಗೊತ್ತಿರುವವರು ಯಾರು? ಅವನ ಮನೆ, ಅವನ ಬೀದಿ, ಅವನ ಜಾತಿ. ನಮ್ಮ ಕೇರಿಯಿಂದ ಮೊದಲ ಇಂಜಿನಿಯರ್ ಆದವನಿಗೆ ಒಳಗೆ ಯಾರಿದ್ದಾರೆ?

ಬಾಬಾಸಾಹೇಬರ ಮೊದಲ ಕೆಲಸ ನೆನಪಿಸಿಕೊಳ್ಳಿ. ಕೊಲಂಬಿಯಾ, ಲಂಡನ್‌ಗಳಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ಸೇವೆಗೆ ಹೋದರು. ಕೆಲಸವಿತ್ತು, ಮಲಗಲು ಕೋಣೆಯಿರಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿದರು. ಹನ್ನೊಂದನೇ ದಿನ ಕೋಲು ಹಿಡಿದವರು ಬಂದು ಹೊರಗೆ ಹಾಕಿದರು. ಇಬ್ಬರು ಗೆಳೆಯರಿದ್ದರು, ಒಬ್ಬ ಹಿಂದೂ, ಒಬ್ಬ ಕ್ರೈಸ್ತ. ಇಬ್ಬರೂ ನೆಪ ಹೇಳಿದರು. ಉದ್ಯಾನದಲ್ಲಿ ಹೊತ್ತು ಕಳೆದು ರಾತ್ರಿ ರೈಲಿಗೆ ಬೊಂಬಾಯಿಗೆ ಮರಳಿದರು. ಇದನ್ನೆಲ್ಲ ಅವರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿಟ್ಟಿದ್ದಾರೆ.

ಹಾಗಾದರೆ ಅವರೂ ಬೇರೆ ಹೆಸರು ಹೇಳಿದರಲ್ಲ ಎಂದು ಯಾರಾದರೂ ಕೇಳಬಹುದು. ಹೇಳಿದರು, ಒಂದು ಸೂರಿಗಾಗಿ. ಮುಚ್ಚಿದ ಬಾಗಿಲು ಅವರಿಂದ ಅದನ್ನು ಹೇಳಿಸಿತು. ಆದರೆ ಇಲ್ಲದ ವಿದ್ಯೆಯನ್ನು ಇದೆ ಎಂದು ಅವರು ಎಲ್ಲೂ ಹೇಳಿಕೊಂಡವರಲ್ಲ. ಅವರ ಪದವಿಗಳೆಲ್ಲ ಅಪ್ಪಟ. ಮರುವರ್ಷ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದು ಆ ವಿದ್ಯೆಯ ಬಲದಿಂದಲೇ. ಬರೋಡಾದಲ್ಲಿ ಅವರಿಗೆ ಕೊರತೆಯಾಗಿದ್ದು ಅರ್ಹತೆಯಲ್ಲ, ಒಬ್ಬ ಕಲ್ಯಾಣಮಿತ್ರ.

ತಮ್ಮನಿಗೆ ಎರಡು ಮಾತು. ನಮ್ಮ ವಿಹಾರದ ಪುಸ್ತಕಗಳ ಲೆಕ್ಕಕ್ಕೆ ನೀನು ಮಾಡಿಕೊಟ್ಟ ಪ್ರೋಗ್ರಾಂ ಇದೆಯಲ್ಲ, ಅದನ್ನು ಬಯೋಡೇಟಾದಲ್ಲಿ ಬರೆದಿಲ್ಲ ಯಾಕೆ? ನಮ್ಮ ಮಕ್ಕಳಿಗೆ ಸುಳ್ಳು ಬರೆಯುವುದಕ್ಕಿಂತ ತಮ್ಮ ನಿಜ ಬರೆಯಲು ಹೆಚ್ಚು ಸಂಕೋಚ. ಕೋಡನ್ನು ಗಿಟ್‌ಹಬ್‌ಗೆ ಹಾಕು, ಅದು ನಿಜವಾದ ಅನುಭವ. ಇನ್ನೊಂದು, ಬಿ.ಇ.ಎಲ್., ಎಚ್.ಎ.ಎಲ್., ಇಸ್ರೋ ಪದವೀಧರರನ್ನು ಅಪ್ರೆಂಟಿಸ್ ಆಗಿ ತಗೊಳ್ಳುತ್ತವೆ. ಸ್ಟೈಪೆಂಡ್ ಕಡಿಮೆ, ಆದರೆ ಕೊನೆಗೆ ಸಿಗುವ ಸರ್ಟಿಫಿಕೇಟ್ ಅಸಲಿ. ಕೆಲಸ ಕೊಡಿಸುತ್ತೇವೆ, ಮುಂಗಡ ಕಟ್ಟಿ ಎನ್ನುವವರಿಗೆ ಒಂದು ರೂಪಾಯಿಯೂ ಬೇಡ.

ಉಳಿದದ್ದು ಕೆಲಸದಲ್ಲಿರುವ ನಮಗೆ. ಈ ಗ್ರೂಪಿನಲ್ಲೇ ಸಾಫ್ಟ್‌ವೇರ್‌ನಲ್ಲಿರುವವರು ಎಷ್ಟೋ ಜನ. ಕೆಲವರು ಆಫೀಸಿನಲ್ಲಿ ಜಾತಿ ಗೊತ್ತಾದೀತೆಂದು ನಮ್ಮ ಹುಡುಗರ ಹೆಸರು ಮುಂದೆ ಮಾಡಲು ಹಿಂಜರಿಯುತ್ತಾರೆ. ಆ ಭಯ ಸುಳ್ಳಲ್ಲ, ನಾನೂ ಬಲ್ಲೆ. ಆದರೂ ರೆಫರಲ್ ಲಿಂಕಿಗೆ ಜಾತಿ ಕಾಲಂ ಇಲ್ಲ ಬಂಧುಗಳೇ.

ಈ ಭಾನುವಾರ ವಂದನೆ ಆದ ಮೇಲೆ ಒಂದು ಗಂಟೆ ಹೆಚ್ಚು ಕೂರೋಣ. ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು ಬಯೋಡೇಟಾ ತನ್ನಿ. ಕೆಲಸದಲ್ಲಿರುವವರು ತಮ್ಮ ಕಂಪನಿಯ ಖಾಲಿ ಹುದ್ದೆಗಳ ಪಟ್ಟಿ ನೋಡಿಕೊಂಡು ಬನ್ನಿ, ಒಬ್ಬೊಬ್ಬರನ್ನು ಕೂರಿಸಿ ಇಂಟರ್‌ವ್ಯೂ ಅಭ್ಯಾಸ ಮಾಡಿಸೋಣ. ವಿಹಾರದಲ್ಲಿ ಪ್ಲಗ್ ಒಂದೇ ಇರುವುದು, ಯಾರಾದರೂ ಎಕ್ಸ್‌ಟೆನ್ಷನ್ ಬೋರ್ಡ್ ತಂದರೆ ಅನುಕೂಲ.

ಭವತು ಸಬ್ಬ ಮಂಗಲಂ. ಜೈಭೀಮ್.