ಚುಕ್ಕೆ ಮಾಯವಾದ ಮೇಲೆ

ಸಮುದ್ರದ ಮೀನನ್ನು ಮನೆಯೊಳಗೆ ಸಾಕುವವರು ಈಗ ನಮ್ಮ ನಡುವೆಯೂ ಇದ್ದಾರೆ. ಬಿಳಿ ಪಟ್ಟೆಯ ಕ್ಲೌನ್ ಮೀನು, ನೀಲಿ ಟ್ಯಾಂಗ್, ಒಂದೆರಡು ಹವಳ, ಮನೆಮಂದಿಗೆಲ್ಲ ಸಂಜೆಯ ನೋಟ. ಒಂದು ದಿನ ಮೀನಿನ ಮೈಮೇಲೆ, ರೆಕ್ಕೆಯ ಮೇಲೆ ಉಪ್ಪಿನ ಹರಳಿನಷ್ಟು ಸಣ್ಣ ಬಿಳಿ ಚುಕ್ಕೆಗಳು ಕಾಣುತ್ತವೆ. ಮೀನು ಕಲ್ಲಿಗೆ ಮೈ ಉಜ್ಜುತ್ತದೆ, ಕಿವಿರು ಬೇಗ ಬೇಗ ಆಡಿಸುತ್ತದೆ, ಮೇವು ಹಾಕಿದರೂ ಮುಂದೆ ಬರುವುದಿಲ್ಲ. ನಾಲ್ಕೈದು ದಿನದಲ್ಲಿ ಚುಕ್ಕೆ ತಾನಾಗಿಯೇ ಮಾಯ. ಸದ್ಯ, ವಾಸಿಯಾಯಿತಲ್ಲ ಎಂದು ಎಲ್ಲರಿಗೂ ನಿರಾಳ. ರೋಗ ಬಲಿಯುವುದು ಆ ಹೊತ್ತಿನಲ್ಲೇ.

ಇದರ ಮೂಲ ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಪರಾವಲಂಬಿ. 1930ರ ದಶಕದಲ್ಲಿ ಜಪಾನಿನ ಸಿಕಾಮ ಇದನ್ನು ಗುರುತಿಸಿದರು. ಈ ಹೆಸರು ಬಂದದ್ದು 1951ರಲ್ಲಿ. ಚರ್ಮದಲ್ಲೂ ಕಿವಿರಿನಲ್ಲೂ ಹುದುಗಿ 3ರಿಂದ 7 ದಿನ ತಿಂದು ಬೆಳೆದ ಈ ಜೀವಿ, ಹೆಚ್ಚಾಗಿ ಕತ್ತಲಲ್ಲಿ, ಮೀನನ್ನು ಬಿಟ್ಟು ತಳದ ಮರಳಿಗೋ ಕಲ್ಲಿಗೋ ಅಂಟಿಕೊಂಡು ಸುತ್ತ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ನಾವು ವಾಸಿಯಾಯಿತೆಂದು ಸಂತೋಷಪಡುವಾಗ ಅದು ಕವಚದೊಳಗೆ ಒಂದು ನೂರಾಗಿ, ಕೆಲವೊಮ್ಮೆ ಇನ್ನೂರಾಗಿ ಒಡೆಯುತ್ತಿರುತ್ತದೆ. ಮರಿಗಳು ಹೊರಬರಲು ಕೆಲವು ದಿನದಿಂದ ಕೆಲವು ವಾರ. 72 ದಿನ ತೆಗೆದುಕೊಂಡದ್ದೂ ಉಂಟು. ಹೊರಬಿದ್ದ ಮರಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಅದು ಉಳಿಯದು. (ಚುಕ್ಕೆಯ ಬದಲು ಮೈತುಂಬ ನುಣ್ಣನೆಯ ಹೊಂಬಣ್ಣದ ಧೂಳು ಕಂಡರೆ ಅದು ಅಮೈಲೂಡಿನಿಯಂ ಎಂಬ ಬೇರೆ ಪರಾವಲಂಬಿ. ಅದಕ್ಕೆ ಅಂದೇ ಚಿಕಿತ್ಸೆ ಶುರುವಾಗಬೇಕು.)

ಬೆಳ್ಳುಳ್ಳಿ ರಸ ಬೆರೆಸಿದ ಮೇವನ್ನು ನೆಚ್ಚುವವರಿದ್ದಾರೆ. ನಾನು ಅದನ್ನು ಮದ್ದೆಂದು ನಂಬಲಾರೆ. ತಾಮ್ರದ ಮದ್ದಿಗೆ ಬಹುಕಾಲದ ಅನುಭವದ ಬೆಂಬಲವಿದೆ: ಮೀನುಗಳನ್ನೆಲ್ಲ ಬೇರೆ ತೊಟ್ಟಿಗೆ ಬಿಟ್ಟು, ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರದ ಅಯಾನು ಇರುವಂತೆ ದಿನವೂ ಪರೀಕ್ಷಿಸುತ್ತ, ಕನಿಷ್ಠ ಮೂರು ವಾರ ಕಾಯಬೇಕು. ಬೇರೆ ಬಗೆಯ ತಾಮ್ರದ ಔಷಧಿಗೆ ಪ್ರಮಾಣ ಬೇರೆ, ಸೀಸೆಯ ಮೇಲಿನ ಸೂಚನೆ ಓದಲೇಬೇಕು. ತಾಮ್ರ ಕೊಲ್ಲುವುದು ನೀರಿನಲ್ಲಿ ಈಜಾಡುವ ಮರಿಯನ್ನು ಮಾತ್ರ. ಚರ್ಮದೊಳಗಿನದನ್ನೂ ಕವಚದೊಳಗಿನದನ್ನೂ ಅದು ಮುಟ್ಟದು. ಹವಳಕ್ಕೂ ಸೀಗಡಿಗೂ ಅದೇ ವಿಷ, ಆದ್ದರಿಂದಲೇ ಬೇರೆ ತೊಟ್ಟಿ. ಮೊದಲಿನ ತೊಟ್ಟಿ ಎರಡೂವರೆ ತಿಂಗಳು ಮೀನಿಲ್ಲದೆ ಇರಬೇಕು.

ಜ್ವರ ಇಳಿದ ಮೇಲೂ ಮಗುವಿಗೆ ಮಾತ್ರೆಯ ಕೋರ್ಸ್ ಮುಗಿಸುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಶಿಸ್ತು. ಆದರೆ ಮೀನಿಲ್ಲದ ತೊಟ್ಟಿ ನೋಡಲು ಬೇಸರ, ಮಕ್ಕಳು ಕೇಳುತ್ತಾರೆ, ಕೈ ತಡೆಯುವುದಿಲ್ಲ. ಆಗೊಮ್ಮೆ ಯೋಚಿಸಬೇಕು: ಕಡಲಿನಲ್ಲೂ ಈ ಜೀವಿ ಇದೆ. ಅಲ್ಲಿ ನೀರು ಅಪಾರ, ಮರಿಗಳು ಚದುರಿಹೋಗುತ್ತವೆ, ಮೀನು ಈಜಿ ದೂರ ಹೋಗುತ್ತದೆ. ನಾಲ್ಕು ಗಾಜಿನ ಗೋಡೆ ಎಬ್ಬಿಸಿ ಆ ದಾರಿ ಮುಚ್ಚಿದವರು ನಾವು. ಮೀನಿನ ಪರವಾಗಿ ಕಾಯುವ ಋಣವೂ ನಮ್ಮದೇ. ಅದನ್ನು ತೀರಿಸುವುದು ರೋಗ ಬರುವ ಮುಂಚೆಯೇ ಸುಲಭ. ಅಂಗಡಿಯಿಂದ ತಂದ ಮೀನು ಎಷ್ಟೇ ಚುರುಕಾಗಿರಲಿ, ಒಂದು ತಿಂಗಳು ಬೇರೆ ತೊಟ್ಟಿಯಲ್ಲಿರಲಿ. ದುಬಾರಿ ತೊಟ್ಟಿ ಬೇಕಿಲ್ಲ: ಒಂದು ಫಿಲ್ಟರ್, ಒಂದು ಹೀಟರ್, ಅಡಗಲು ತುಂಡು ಪೈಪು ಸಾಕು. ಬಲೆ, ಬಕೆಟ್ಟು ಕೂಡ ಪ್ರತ್ಯೇಕವಿರಲಿ, ಆ ತೊಟ್ಟಿಯ ಒಂದು ಲೋಟ ನೀರೂ ಈಚೆಗೆ ಬಾರದಿರಲಿ.