ಕರಿಕೋಟು ಮತ್ತು ಕುರ್ಚಿ

ದೊರೆತನ ಬದಲಾದಾಗ ಮೊದಲು ಬದಲಾಗುವುದು ಗೋಡೆಯ ಪಟ. ಕಟ್ಟಕಡೆಗೆ ಬದಲಾಗುವುದು ಗುಮಾಸ್ತನ ದನಿ.

ಅಮಲ್ದಾರರು ತಹಸೀಲ್ದಾರರಾದರು. ಚಿಂತಾಮಣಿಯ ರೈತ ಅರ್ಜಿಯ ತಲೆಬರಹ ತಿದ್ದಿಸಿದ. ಕೆಳಗಿನ ಬೇಡಿಕೆಗೆ ತಿದ್ದುಪಡಿ ಬೇಕಾಗಲಿಲ್ಲ.

ವಕೀಲ ಇನ್ನೊಬ್ಬನ ನೋವನ್ನು ತನ್ನದೆಂಬಂತೆ ಆಡಬಲ್ಲ. ರಾಜಕಾರಣಕ್ಕೆ ಇಳಿದ ದಿನ ಅದೇ ಅವನ ಆಸ್ತಿ, ಅದೇ ಅವನ ಅಪಾಯ.

ಕ್ಯಾಸಂಬಳ್ಳಿಯ ಚೆಂಗಲರಾಯ ರೆಡ್ಡಿ ಕಾನೂನು ಓದಿದ್ದು ಅರಸರ ಕಾಲದಲ್ಲಿ. ಬಳಸಿದ್ದು ಅರಸೊತ್ತಿಗೆಯ ಎದುರು. ಸಾಣೆ ಹಿಡಿದವನನ್ನು ಕೇಳಿ ಕತ್ತಿ ತಿರುಗುವುದಿಲ್ಲ.

ರೆಡ್ಡಿಯವರ ಪಕ್ಷ ಮೊದಲು ಪ್ರಜಾಪಕ್ಷ, ಆಮೇಲೆ ಪ್ರಜಾ ಸಂಯುಕ್ತ ಪಕ್ಷ, 1937ರಲ್ಲಿ ಕಾಂಗ್ರೆಸ್. ಹೆಸರು ಮೂರು, ಹಾದಿ ಒಂದು. ಹಾದಿ ಹಾಳಾಗುವುದು ತುಳಿದು ಸವೆದಾಗ ಅಲ್ಲ, ಯಾರೂ ತುಳಿಯದಾದಾಗ.

1934ರಲ್ಲಿ ಜರ್ಮನಿಯ ನ್ಯಾಯಾಧೀಶರು ಒಬ್ಬ ಮನುಷ್ಯನ ಹೆಸರಿಗೆ ನಿಷ್ಠೆಯ ಪ್ರಮಾಣ ಮಾಡಿದರು. ನಿಲುವಂಗಿ ಹಳೆಯದೇ. ಕಲೆ ಕಾಣಲಿಲ್ಲ, ಬಟ್ಟೆ ಕಪ್ಪಲ್ಲವೇ!

ಗೌರಿಬಿದನೂರಿನ ವಿದುರಾಶ್ವತ್ಥ, 1938ರ ಏಪ್ರಿಲ್ 25. ಬಾವುಟದ ಸತ್ಯಾಗ್ರಹದಲ್ಲಿ ಗುಂಡಿಗೆ ಸತ್ತವರು ಸರ್ಕಾರದ ಲೆಕ್ಕದಲ್ಲಿ 10, ಕಾಂಗ್ರೆಸ್ಸಿನ ಲೆಕ್ಕದಲ್ಲಿ 32. ಕೆಲವರು ಎರಡು ಸಲ ಸಾಯುತ್ತಾರೆ: ಮೊದಲು ಬಂದೂಕಿನ ಮುಂದೆ, ಆಮೇಲೆ ಲೆಕ್ಕದ ಪುಸ್ತಕದಲ್ಲಿ.

ಮೇ ತಿಂಗಳಲ್ಲಿ ಸರ್ದಾರ್ ಪಟೇಲರಿಗೂ ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ಒಪ್ಪಂದವಾಯಿತು. ಸಂಸ್ಥಾನದ ಬಾವುಟದ ಪಕ್ಕ ಕಾಂಗ್ರೆಸ್ ಬಾವುಟಕ್ಕೂ ಎಡೆ ಸಿಕ್ಕಿತು. ಕಂಬ ನೆಡಲು ಬೇಕಾಗಿದ್ದದ್ದು ಗೇಣು ನೆಲ.

1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ. ಅಕ್ಟೋಬರ್ 25ರಂದು ರೆಡ್ಡಿ ಮುಖ್ಯಮಂತ್ರಿ. ಬಡಿಯುವಾಗ ಬಾಗಿಲು ಮಾತ್ರ ಕಾಣುತ್ತದೆ. ಒಳಗೆ ಹೋದ ಮೇಲೆ ಚಿಲಕ ಹಾಕುವುದೂ ತೆಗೆಯುವುದೂ ಅದೇ ಕೈಯ ಪಾಲಿಗೆ ಬರುತ್ತದೆ.

ಶಿಡ್ಲಘಟ್ಟದ ಚಂದ್ರಂಕಿಯಲ್ಲಿ ಹಣ್ಣಾದ ರೇಷ್ಮೆಹುಳು ತನ್ನ ಸುತ್ತ ತಾನೇ ಗೂಡು ಕಟ್ಟುತ್ತದೆ. ಚಿಟ್ಟೆ ಹೊರಬಂದರೆ ಎಳೆ ತುಂಡು. ಎಳೆ ಉಳಿಯಬೇಕಾದರೆ ಚಿಟ್ಟೆ ಬರಬಾರದು. ಪಕ್ಷಕ್ಕೂ ಮನುಷ್ಯನಿಗೂ ಇರುವ ವ್ಯವಹಾರ ಇಷ್ಟೇ. ರೇಷ್ಮೆಯ ನುಣುಪು ಹೊಗಳುವವರು ಕುದಿಯುವ ನೀರನ್ನು ನೋಡಿರುವುದಿಲ್ಲ.

ವಿಧಾನಸೌಧಕ್ಕೆ ನೆಹರು ಅಡಿಗಲ್ಲಿಟ್ಟದ್ದು 1951ರಲ್ಲಿ, ರೆಡ್ಡಿಯವರ ಕಾಲದಲ್ಲಿ. ಜನ ನೆನೆಯುವುದು ಕೆಂಗಲ್ ಹನುಮಂತಯ್ಯನವರನ್ನು. ಅನ್ಯಾಯವೇನಲ್ಲ, ಕಟ್ಟಿಸಿದವರು ಅವರೇ. ಅಡಿಗಲ್ಲಿನ ಪಾಡು ಅದು: ಭಾರ ಹೊರಬೇಕು, ಕಾಣಿಸಬಾರದು.

ಸೌಧದ ಎದುರಿಗೆ ಹೈಕೋರ್ಟಿನ ಕೆಂಪು ಅಠಾರಾ ಕಚೇರಿ. ಈಚೆ ಕಾಯಿದೆ ಬರೆಯುತ್ತಾರೆ, ಆಚೆ ಓದುತ್ತಾರೆ. ಬರೆದವನಿಗೆ ಇಲ್ಲದ ಅರ್ಥ ಓದುವವನಿಗೆ ಸಿಕ್ಕರೆ ಅದಕ್ಕೆ ತೀರ್ಪು ಎಂದು ಹೆಸರು.

ಚಿಕ್ಕಬಳ್ಳಾಪುರದ ನಂದಿಕೋಟೆಯನ್ನು ಬಲಪಡಿಸಿದವನು ಟಿಪ್ಪು. 1791ರಲ್ಲಿ ಹಿಡಿದದ್ದು ಕಾರ್ನ್‌ವಾಲಿಸನ ಸೇನೆ. ಬ್ರಿಟಿಷ್ ಕಮಿಷನರ್ ಕಬ್ಬನ್ ಬೇಸಿಗೆ ಕಳೆದ ಬಂಗಲೆ ಈಗ ನೆಹರು ನಿಲಯ. ಸುಣ್ಣ ಕೆರೆದರೆ ಪದರಕ್ಕೊಂದು ಸರ್ಕಾರ.

ಸೋತ ಕಕ್ಷಿದಾರ ಮನೆಗೆ ಹೋಗುತ್ತಾನೆ. ವಕೀಲ ಮುಂದಿನ ವಾಯಿದೆಗೆ.

1965. ಮದ್ರಾಸಿನ ರಾಜ್ಯಪಾಲರು ಜಯಚಾಮರಾಜೇಂದ್ರ ಒಡೆಯರ್. ಮಧ್ಯಪ್ರದೇಶದ ರಾಜ್ಯಪಾಲರು ಚೆಂಗಲರಾಯ ರೆಡ್ಡಿ. ಅಧಿಕಾರ ಬಿಟ್ಟುಕೊಟ್ಟ ಮಹಾರಾಜರಿಗೂ ಬಿಡಿಸಿಕೊಂಡ ಪ್ರಜೆಗೂ ಒಂದೇ ಹುದ್ದೆ, ಒಂದೇ ಸಂವಿಧಾನ. ಇಬ್ಬರೂ ಸಹಿ ಹಾಕುತ್ತಿದ್ದದ್ದು ಬೇರೆಯವರು ನಿರ್ಧರಿಸಿದ ಕಾಗದಕ್ಕೆ.

2007ರಲ್ಲಿ ಕೋಲಾರ ಜಿಲ್ಲೆ ಎರಡಾಯಿತು. ಕ್ಯಾಸಂಬಳ್ಳಿ ಅತ್ತ, ವಿದುರಾಶ್ವತ್ಥ ಇತ್ತ. ಮುಂದಾಳು ಒಂದು ಜಿಲ್ಲೆಯ ಪಾಲು, ಹುತಾತ್ಮರು ಇನ್ನೊಂದರ ಪಾಲು. ಹಿಸ್ಸೆ ಮಾಡುವಾಗ ಸತ್ತವರು ತಕರಾರು ಎತ್ತುವುದಿಲ್ಲ.

ವಿದುರಾಶ್ವತ್ಥದ ಹಳೆಯ ಅಶ್ವತ್ಥ ಉರುಳಿದೆ. ನಾಗರಕಲ್ಲುಗಳಿಗೆ ದಿನವೂ ಅರಿಶಿನ, ಕುಂಕುಮ. ಹುತಾತ್ಮರ ಸ್ತೂಪಕ್ಕೆ ಏಪ್ರಿಲ್ 25ರ ಹಾರ.