ಸಾವಿರ ಹುಣ್ಣಿಮೆಯೂ ಒಂದು ಸೇರು ಅಕ್ಕಿಯೂ

ಆಯುಷ್ಯವನ್ನು ಅಳೆಯಲು ನಮ್ಮ ಹಿರಿಯರು ಚಂದ್ರನನ್ನೇ ಮಾನವಾಗಿಟ್ಟುಕೊಂಡರು. ಸಾವಿರ ಹುಣ್ಣಿಮೆಗಳನ್ನು ಕಂಡವರಿಗೆ ಸಹಸ್ರಚಂದ್ರದರ್ಶನ ಶಾಂತಿ. ವರ್ಷದ ಲೆಕ್ಕದಲ್ಲಿ ಸುಮಾರು ೮೧. ನಮ್ಮ ಮುತ್ತಜ್ಜಿಗೆ ೧೯೯೫ರಲ್ಲಿ ಆ ಶಾಂತಿ ನೆರವೇರಿತು. ಆಕೆ ಜನಿಸಿದ್ದು ಆನಂದ ಸಂವತ್ಸರದ ಶ್ರಾವಣದಲ್ಲಿ, ಅಂದರೆ ೧೯೧೪ರಲ್ಲಿ. ಯೂರೋಪಿನಲ್ಲಿ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡದ್ದೂ ಅದೇ ತಿಂಗಳು. ಆಕೆಗೆ ನಾಲ್ಕು ತುಂಬಿದಾಗ, ೧೯೧೮ರ ಜ್ವರ ಈ ದೇಶದಲ್ಲಿ ಕೋಟಿಗೂ ಮಿಕ್ಕಿ ಜನರನ್ನು ಒಯ್ದಿತು. ೧೯೪೭ರಲ್ಲಿ ಸ್ವಾತಂತ್ರ್ಯ, ೧೯೫೬ರಲ್ಲಿ ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ೧೯೬೯ರಲ್ಲಿ ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟನೆಂಬುದನ್ನು ಮಾತ್ರ ಆಕೆ ಕೊನೆಯವರೆಗೂ ನಂಬಲಿಲ್ಲ.

ಇವಾವುವನ್ನೂ ಆಕೆ ಸ್ಮರಿಸುತ್ತಿರಲಿಲ್ಲ. ಶಾಂತಿಯ ದಿನ ಸಂಜೆ ನಮ್ಮ ತಂದೆಯವರನ್ನು ಕರೆದು ಹೇಳಿದ ಸಂಗತಿ ಬೇರೆಯೇ. ನಾವು ಆಗ ಚಿಕ್ಕವರು. ತಂದೆಯವರಿಂದ ಮುಂದೆ ಕೇಳಿ ತಿಳಿದೆವು.

೧೯೪೩ರ ಮಳೆಗಾಲ. ಹಿಂದಿನ ವರ್ಷ ರಂಗೂನು ಜಪಾನೀಯರ ವಶವಾಗಿ ಬರ್ಮಾ ಅಕ್ಕಿ ಬರುವುದು ನಿಂತಿತ್ತು. ಮಗುವನ್ನೆತ್ತಿಕೊಂಡ ಒಬ್ಬ ಹೆಂಗಸು ಹಿತ್ತಲ ಬಾಗಿಲಿಗೆ ಬಂದು ಹಿಡಿ ಅಕ್ಕಿ ಕೇಳಿದಳು. ಮನೆಯಲ್ಲಿದ್ದದ್ದು ಒಂದು ಸೇರು ಬೆಳ್ತಿಗೆ ಅಕ್ಕಿ, ಮರುದಿನ ಮಾವನವರ ಶ್ರಾದ್ಧಕ್ಕೆಂದು ಎತ್ತಿಟ್ಟದ್ದು. ಮುತ್ತಜ್ಜಿ "ಇಲ್ಲ" ಎಂದರು. ಹೆಂಗಸು ಮಳೆಯಲ್ಲಿ ಹೊರಟುಹೋದಳು. ಮತ್ತೆ ಆ ಕಡೆ ಕಾಣಲಿಲ್ಲ.

"ಅದು ಯುದ್ಧದ ಕಾಲ ಅಜ್ಜಿ, ನಿಮ್ಮ ತಪ್ಪೇನು?" ಎಂದರಂತೆ ತಂದೆಯವರು.

"ಯುದ್ಧ ಬಂದು ಇಲ್ಲವೆಂದಿತೇ? ಹೇಳಿದ್ದು ನನ್ನ ನಾಲಗೆ."

ಕಾಲೇಜಿನಲ್ಲಿ ಚರಿತ್ರೆಯನ್ನು ಓದಿದ ನಮಗೆ ಈ ಉತ್ತರ ಬಹುಕಾಲ ಅತಿಯೆನಿಸಿತ್ತು. ಅದೇ ವರ್ಷ ಬಂಗಾಳದಲ್ಲಿ ಇಪ್ಪತ್ತು ಮೂವತ್ತು ಲಕ್ಷ ಜನ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ರೋಗಗಳಿಂದಲೂ ಮಡಿದರು. ಆಳುವವರ ಹೊಣೆಯನ್ನು ಒಬ್ಬ ಗೃಹಿಣಿ ಏಕೆ ಹೊರಬೇಕು? ಪಾಠಶಾಲೆಯಲ್ಲಿ ಕಲಿತದ್ದಾದರೋ ಇನ್ನೊಂದು: ಜೀವನ ಕರ್ತೃತ್ವ ಪರಾಧೀನವಾದರೂ ಸುಳ್ಳಲ್ಲ. ಭಗವಂತನ ಅಧೀನನಾಗಿದ್ದೂ ಜೀವನು ಕರ್ತನಾಗಿ ಉಳಿಯುವನಾದರೆ, ರಂಗೂನಿನ ಪತನ ಆತನ ಕರ್ತೃತ್ವವನ್ನು ಅಳಿಸೀತೆ? ಮುತ್ತಜ್ಜಿ ಈ ವಾದವನ್ನು ಓದಿದವರಲ್ಲ. ಆದರೂ ಯುದ್ಧದ ನೆಪವನ್ನು ಒಪ್ಪಲಿಲ್ಲ. ಶ್ರಾದ್ಧದ ನೆಪವಿತ್ತು, ಅದನ್ನೂ ಮುಂದಿಡಲಿಲ್ಲ. ಆ ಅಕ್ಕಿಯನ್ನು ಕೊಡಬೇಕಾಗಿತ್ತೆಂದು ನಾವು ಈಗಲೂ ನಿಶ್ಚಯವಾಗಿ ಹೇಳಲಾರೆವು. ಶ್ರಾದ್ಧ ತಪ್ಪಿದ್ದರೆ ಆ ವ್ಯಥೆಯನ್ನೂ ಆಕೆಯೇ ಹೊರುತ್ತಿದ್ದರು.

ಅಂದಿನಿಂದ ಪ್ರತಿವರ್ಷ ಶ್ರಾದ್ಧದ ಹಿಂದಿನ ದಿನ ಒಂದು ಸೇರು ಬೆಳ್ತಿಗೆ ಅಕ್ಕಿಯನ್ನು ಹಿತ್ತಲ ಬಾಗಿಲ ಬಳಿ ಅಳೆದಿಡುವುದು ಮನೆಯ ಪದ್ಧತಿಯಾಯಿತು. ಮೊದಮೊದಲು ಕೇಳುವವರು ಬರುತ್ತಿದ್ದರಂತೆ. ಈಗ ಯಾರೂ ಬರುವುದಿಲ್ಲ. ಸಂಜೆ ಕೆಲಸದವಳ ಮನೆಗೆ ಕಳುಹಿಸುತ್ತೇವೆ. ಅಳೆಯುವವರು ನಮ್ಮ ತಾಯಿ.